ಬಯಲಾಟದ ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸೋರಿಗೆ

ನಮ್ಮ ರಾಯಚೂರು ಬಿಸಿಲಾಗ ಸುಮ್ನೆ ಕೂತ ಡೆಕ್ಕಿನ (ಕ್ಯಾಸೆಟ್ ಪ್ಲೇಯರಿನ) ಬೆಲ್ಟ್ ಕರಗಿ ಡಾಂಬರಿನಂಗ ಪುಲ್ಲಿಗೆ ಮೆತ್ತಿರ್ತದ. ಅದನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸದೇ ಹೊಸ ಬೆಲ್ಟ್ ಹಾಕಿದ್ರ ಜಾರ್ತದ, ಹಾರ್ಮೋನಿಯಂ ಶ್ರುತಿ ಅಲುಗಾಡ್ತದ. ಟೇಪಿನ ಧ್ವನಿ ಓದೋ ಹೆಡ್ಡಿಗೂ ಅದೇ ಆಲ್ಕೋಹಾಲ್, ರಬ್ಬರ್ ರೋಲರಿಗೆ ಮಾತ್ರ ಸೋಪಿನ ನೀರು ಸಾಕು.

ಕ್ಯಾಸೆಟ್ಟನ್ನ ಮೊದಲು ಒಮ್ಮೆ ಕೊನೆತನಕ ಸುತ್ತಿ ವಾಪಸ್ ತರ್ರಿ, ಅಂಟಿದ ಟೇಪ್ ಬಿಡ್ತದ. ಧ್ವನಿ ಮಂಕಿದ್ರ, ಹೆಡ್ ಪಕ್ಕದ ಸ್ಪ್ರಿಂಗ್ ಸ್ಕ್ರೂ ಒಂಚೂರೇ ತಿರುಗಿಸ್ರಿ, ತಾಳದ ಝಣಕಾರ ಚೊಕ್ಕ ಕೇಳೋತನಕ. ಇನ್ನೊಂದು ಡೆಕ್ಕಿನಾಗ ತುಂಬಿದ ಕ್ಯಾಸೆಟ್ಟಿಗೆ ಇದು ಬೇಕೇ ಬೇಕು.

ಡೆಕ್ಕಿನ ಲೈನ್ ಔಟ್ ತೂತಿಂದ ಕಂಪ್ಯೂಟರಿನ ಲೈನ್ ಇನ್ ತೂತಿಗೇ ವಾಯರ್ ಕೊಡ್ರಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ರ ಧ್ವನಿ ಒಡೀತದ, ಬಹಳಷ್ಟರಾಗ ಅದು ಮೋನೊ (ಒಂದೇ ಚಾನೆಲ್) ಬೇರೆ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇಡ್ರಿ. ಭೀಮನ ಆರ್ಭಟಕ್ಕೂ ರೆಕಾರ್ಡಿಂಗ್ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು. ಗುಯ್‌ಗುಟ್ಟೋದು ತೆಗೆಯೋ ಮುಂಚೆ ಮೂಲ ವೇವ್ ಫೈಲ್ ಬೇರೆ ಇಡ್ರಿ.