ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತಲೇ ಇತ್ತು

ಮೂಡಿಗೆರೆ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಈ ಕಡೆಯ ಬೆಳೆಗಾರರ ಹಾಗೆ ನನಗೂ ಮಳೆ ಬರೆದಿಡುವ ಅಭ್ಯಾಸ. ಬೆಳಗ್ಗೆ ಗೇಜ್ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಗೆ ಹಾಕುತ್ತೇನೆ. ಕ್ಯಾನ್ಸರ್ ಬಂದು, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತೆಗೆಯುವ ಆಪರೇಷನ್ ಆದ ಮೇಲೆ ಅದೇ ಡೈರಿಯ ಕೊನೇ ಪುಟದಲ್ಲಿ ಪಿಎಸ್‌ಎ (ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಪರೀಕ್ಷೆ) ಅಂಕಿಗಳನ್ನೂ ಬರೆಯತೊಡಗಿದೆ. ಆ ಪುಟ ಇಲ್ಲದಿದ್ದರೆ ಎರಡನೇ ಚಿಕಿತ್ಸೆಗೆ ತಡವಾಗುತ್ತಿತ್ತು.

ಶುರುವಾಗಿದ್ದು ನನ್ನ 63ನೇ ವಯಸ್ಸಿನಲ್ಲಿ. ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತಿತ್ತು. ವಯಸ್ಸಾಯ್ತಲ್ಲ ಅಂತ ಒಂದು ವರ್ಷ ಸುಮ್ನೆ ಇದ್ದುಬಿಟ್ಟೆ. ಹಾಸನದ ಡಾಕ್ಟರ್ ಹತ್ತಿರ ಹೋದಾಗ ಪಿಎಸ್‌ಎ 14.6. ಎಂಆರ್‌ಐ, ಬಯಾಪ್ಸಿ ಎಲ್ಲ ಆಯ್ತು. ಕ್ಯಾನ್ಸರ್ ಎಷ್ಟು ಜೋರಿದೆ ಅಂತ ಹೇಳುವ ಗ್ಲೀಸನ್ ಸ್ಕೋರ್ 4+3, ಅಂದರೆ 7. ಮೂಳೆಗೆ ಹರಡಿರಲಿಲ್ಲ.

ಆಪರೇಷನ್ ಆಗಿದ್ದು ಬೆಂಗಳೂರಿನಲ್ಲಿ. ಹಿಂದಿನ ದಿನ ಡಾಕ್ಟರ್ ಕೂರಿಸಿಕೊಂಡು ಹೇಳಿದರು: ‘ಗೌಡ್ರೇ, ನಿಮಗೆ ಎರಡೂ ಬೇಕಾಗಬಹುದು. ಮೊದಲು ಆಪರೇಷನ್ ಮಾಡಿದರೆ ಆಮೇಲೆ ರೇಡಿಯೇಷನ್ ಕೊಡಬಹುದು. ಮೊದಲೇ ರೇಡಿಯೇಷನ್ ಕೊಟ್ಟರೆ ಆ ಜಾಗ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಆಮೇಲೆ ಚಾಕು ಹಾಕೋದು ತುಂಬಾ ಕಷ್ಟ.’ ಈ ಮಾತು ಮೊದಲೇ ಕಿವಿಗೆ ಬಿದ್ದಿದ್ದು ಒಳ್ಳೆಯದಾಯ್ತು. ಮುಂದೆ ರೇಡಿಯೇಷನ್ ಅಂದಾಗ, ಆಪರೇಷನ್ ಹಾಳಾಯ್ತು ಅಂತ ನಾನು ಕುಸಿಯಲಿಲ್ಲ.

ತೆಗೆದ ಗ್ರಂಥಿಯನ್ನು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅದರ ಹೊರಪದರ ದಾಟಿತ್ತು. ಕೊಯ್ದ ಅಂಚಿನಲ್ಲೂ ಒಂದು ಕಡೆ ಸ್ವಲ್ಪ ಇತ್ತು. ಹಾಗಾದರೆ ಈಗಲೇ ಕರೆಂಟ್ ಕೊಟ್ಟುಬಿಡಿ ಅಂದೆ. (ನಮ್ಮ ಕಡೆ ರೇಡಿಯೇಷನ್‌ಗೆ ಈಗಲೂ ‘ಕರೆಂಟ್ ಕೊಡೋದು’ ಅಂತಾರೆ. ಅದು ಕರೆಂಟಲ್ಲ, ಎಕ್ಸ್‌ರೇ ಜಾತಿಯ ಕಿರಣ. ಶಾಕ್ ಹೊಡೆಯುತ್ತೆ ಅಂತ ಯಾರೂ ಹೆದರಬೇಡಿ.) ಡಾಕ್ಟರ್ ಬೇಡ ಅಂದರು. 2020ರಲ್ಲಿ ಪ್ರಕಟವಾದ ರ್ಯಾಡಿಕಲ್ಸ್ ಅನ್ನುವ ಅಧ್ಯಯನದಲ್ಲಿ 1396 ಗಂಡಸರನ್ನು ಎರಡು ಗುಂಪು ಮಾಡಿ ನೋಡಿದ್ದರಂತೆ. ಆಪರೇಷನ್ ಆದ ಕೂಡಲೇ ಎಲ್ಲರಿಗೂ ರೇಡಿಯೇಷನ್ ಕೊಟ್ಟಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಮೂತ್ರದ ತೊಂದರೆ ಮಾತ್ರ ಜಾಸ್ತಿಯಾಯ್ತು. ಪಿಎಸ್‌ಎ ಏರಿದಾಗ ತಡಮಾಡದೆ ಕೊಟ್ಟರೆ ಸಾಕು.

ನನಗೆ ಆಗ ಕಾಯುವುದೇ ಬೇಕಿತ್ತು. ಕ್ಯಾತಿಟರ್ (ಮೂತ್ರಕ್ಕೆ ಹಾಕಿದ್ದ ಕೊಳವೆ) ತೆಗೆದ ಮೇಲೆ ಕೆಮ್ಮಿದರೂ ಮೂತ್ರ ಜಿನುಗುತ್ತಿತ್ತು. ದಿನಕ್ಕೆ ನಾಲ್ಕು ಪ್ಯಾಡ್. ಮೂತ್ರ ತಡೆಹಿಡಿಯುವ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ತೋಟ ಸುತ್ತುವಾಗಲೇ ಮಾಡುತ್ತಿದ್ದೆ. ಒಂದು ಸಿಲ್ವರ್ ಮರದಿಂದ ಇನ್ನೊಂದಕ್ಕೆ ಹೋಗುವವರೆಗೆ ಬಿಗಿ, ಆಮೇಲೆ ಸಡಿಲ. ಆರು ತಿಂಗಳಿಗೆ ಒಂದು ಪ್ಯಾಡಿಗೆ ಬಂದೆ. ಈ ಹಿಡಿತ ಬರುವ ಮೊದಲೇ ರೇಡಿಯೇಷನ್ ಆಗಿದ್ದರೆ ಅದು ಇಷ್ಟು ಚೆನ್ನಾಗಿ ಬರುತ್ತಿತ್ತೋ ಇಲ್ಲವೋ.

ಇನ್ನು ಆ ರಿಪೋರ್ಟಿನ ವಿಷಯ. ಡೈರಿಯಲ್ಲಿ ಹೀಗಿತ್ತು: 0.03, 0.06, 0.11, ಆಮೇಲೆ 0.24. ಆ ಕೊನೆಯದು ಕಾಫಿ ಕೊಯ್ಲಿನ ಸಮಯ. ಆಳುಗಳ ಲೆಕ್ಕ, ಕಣದ ಕೆಲಸ, ಪುರುಸೊತ್ತೇ ಇಲ್ಲ. ಲ್ಯಾಬಿನಲ್ಲಿ ರಿಪೋರ್ಟ್ ಕೊಟ್ಟವರು ‘ನಾಲ್ಕರ ಒಳಗಿದೆ, ನಾರ್ಮಲ್’ ಅಂದರು. ಹಾಳೆಯಲ್ಲೂ 0ಯಿಂದ 4 ನಾರ್ಮಲ್ ಅಂತಲೇ ಅಚ್ಚಾಗಿತ್ತು. ಆದರೆ ಆ ನಾಲ್ಕರ ಲೆಕ್ಕ ಪ್ರಾಸ್ಟೇಟ್ ಇರುವವರಿಗೆ. ತೆಗೆದ ಮೇಲೆ ಪಿಎಸ್‌ಎ ಹೆಚ್ಚುಕಡಿಮೆ ಸೊನ್ನೆ ಇರಬೇಕು. 0.2 ದಾಟಿ, ಇನ್ನೊಂದು ಸಲ ನೋಡಿದಾಗಲೂ ಹಾಗೇ ಇದ್ದರೆ ಕ್ಯಾನ್ಸರ್ ಮತ್ತೆ ತಲೆಯೆತ್ತಿದೆ ಅಂತ ಅರ್ಥ. ರಾತ್ರಿ ಡೈರಿಗೆ ಬರೆಯುವಾಗ ನಾಲ್ಕೂ ಅಂಕಿ ಒಂದರ ಕೆಳಗೊಂದು ಕಂಡವು. ಮಳೆಯಾಗಿದ್ದರೆ ಮೂರು ಸೆಂಟಿನಿಂದ ಇಪ್ಪತ್ನಾಲ್ಕು ಸೆಂಟು. ಬೆಳಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿದೆ. ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ 0.29. 0.5ರ ಒಳಗೇ ಶುರುಮಾಡಿದರೆ ಫಲ ಹೆಚ್ಚು ಅಂದರು. ಪೆಟ್ ಸ್ಕ್ಯಾನಿನಲ್ಲಿ ಬೇರೆಲ್ಲೂ ಏನೂ ಕಾಣಲಿಲ್ಲ.

ರೇಡಿಯೇಷನ್ 33 ಸಲ, ಒಟ್ಟು 66 ಗ್ರೇ (ಕಿರಣದ ಪ್ರಮಾಣ ಅಳೆಯುವ ಲೆಕ್ಕ). ಸೋಮವಾರದಿಂದ ಶುಕ್ರವಾರ, ಆರೂವರೆ ವಾರ. ಯಶವಂತಪುರದ ತಂಗಿ ಮನೆಯಲ್ಲಿ ಉಳಿದೆ. ಶುಕ್ರವಾರ ರೈಲಿನಲ್ಲಿ ಹಾಸನ, ಅಲ್ಲಿಂದ ಬೇಲೂರು ಮೇಲೆ ಬಸ್ಸಿನಲ್ಲಿ ಮನೆ.

ಮೆಷಿನ್ನಿನ ಕೆಳಗೆ ಮಲಗುವುದು ಏನೂ ಕಷ್ಟವಲ್ಲ, ನೋವೇ ಇಲ್ಲ. ಕಷ್ಟವೆಲ್ಲ ಅದಕ್ಕೆ ಮೊದಲು. ಮಲವಿಸರ್ಜನೆ ಪೂರ್ತಿ ಆಗಿರಬೇಕು, ಮೂತ್ರಕೋಶ ತುಂಬಿರಬೇಕು. ತುಂಬಿದರೆ ಕರುಳು ಮೇಲೆ ಸರಿಯುತ್ತೆ, ಕಿರಣ ತಾಗುವುದು ಕಡಿಮೆ. ಮುಕ್ಕಾಲು ಗಂಟೆ ಮೊದಲು ಅರ್ಧ ಲೀಟರ್ ನೀರು ಕುಡಿದು, ಕಾಲು ಜೋಡಿಸಿ, ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಆ ಸಾಲಿನಲ್ಲಿ ಎಲ್ಲರೂ ಹಾಗೇ ಕೂತಿರುತ್ತಿದ್ದರು. ಜಿನುಗುವ ಮನುಷ್ಯನಿಗೆ ಅದು ದೊಡ್ಡ ಪರೀಕ್ಷೆ. ಒಂದು ದಿನ ತಂಗಿ ಪ್ರೀತಿಯಿಂದ ಅವರೆಕಾಳು ಸಾರು ಮಾಡಿದ್ದಳು, ಎರಡು ಸಲ ಹಾಕಿಸಿಕೊಂಡೆ. ಮರುದಿನ ಹೊಟ್ಟೆಯಲ್ಲಿ ಗ್ಯಾಸ್. ಸ್ಕ್ಯಾನ್ ನೋಡಿದ ಟೆಕ್ನಿಷಿಯನ್ ಟೇಬಲ್ಲಿನಿಂದ ಇಳಿಸಿ, ‘ಸ್ವಲ್ಪ ಓಡಾಡಿ ಬನ್ನಿ ಅಂಕಲ್’ ಅಂದರು. ಅಲ್ಲಿಂದ ಮುಗಿಯುವವರೆಗೆ ಕಾಳು ಮುಟ್ಟಲಿಲ್ಲ. ಮೂರನೇ ವಾರದಿಂದ ಉರಿ, ಅವಸರ. ಕಾಫಿ ಕಡಿಮೆ ಮಾಡಿ ಅಂದರು, ಬೆಳಗಿನ ಒಂದು ಲೋಟಕ್ಕೆ ಇಳಿದೆ.

ಜೊತೆಗೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್, ಅಂದರೆ ಗಂಡು ಹಾರ್ಮೋನನ್ನು ತಗ್ಗಿಸುವಂಥದ್ದು. ಮಲೆನಾಡಿನ ಚಳಿಯಲ್ಲೂ ರಾತ್ರಿ ಬೆವತು ಬನಿಯನ್ ಬದಲಿಸುತ್ತಿದ್ದೆ. ಗಂಡಹೆಂಡಿರ ಸಂಬಂಧ ಮೊದಲಿನ ಹಾಗಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚಿಕಿತ್ಸೆಗೆ ಮೊದಲೇ ಡಾಕ್ಟರ್ ಮುಂದೆ ಇಬ್ಬರೂ ಕೂತು ಕೇಳಿಕೊಳ್ಳಿ.

ರೇಡಿಯೇಷನ್ ಮುಗಿದು ಎರಡು ವರ್ಷವಾಯ್ತು. ಕಳೆದ ಸಲ ಪಿಎಸ್‌ಎ 0.02. ಮೊನ್ನೆ ಪಕ್ಕದ ತೋಟದವರು ತಮ್ಮ ಅಣ್ಣನ ರಿಪೋರ್ಟ್ ತಂದು, ‘ನಾರ್ಮಲ್ ಅಂತಿದೆ, ಅಲ್ವಾ?’ ಅಂದರು. ಆಪರೇಷನ್ ಆಗಿದೆಯಾ ಅಂತ ಕೇಳಿದೆ. ಹೌದು ಅಂದರು. ಹಿಂದಿನ ರಿಪೋರ್ಟುಗಳನ್ನೂ ತರೋಕೆ ಹೇಳಿ, ಡೈರಿಯಲ್ಲಿ ಇನ್ನೊಂದು ಖಾಲಿ ಪುಟ ತೆಗೆದೆ.