ಹೃದಯದ ಶಸ್ತ್ರಚಿಕಿತ್ಸೆಯ ನಂತರ ನಡಿಗೆ ಮತ್ತು ತೂಕ ಇಳಿಕೆಯ ಉತ್ಸಾಹ ಉಳಿಸಿಕೊಳ್ಳುವ ಬಗೆ

ಬೈಪಾಸ್ ಶಸ್ತ್ರಚಿಕಿತ್ಸೆ ಆದವರು ವ್ಯಾಯಾಮವನ್ನು ಕೈಬಿಡುವುದು ಹೆಚ್ಚಾಗಿ ನಾಲ್ಕನೆಯ ಅಥವಾ ಐದನೆಯ ತಿಂಗಳಿನಲ್ಲಿ. ಮೊದಲ ತಿಂಗಳಲ್ಲಿ ಎದೆಯ ಹೊಲಿಗೆ ಕಣ್ಣಿಗೆ ಕಾಣುತ್ತಿರುತ್ತದೆ, ಕೆಮ್ಮಿದರೆ ನೋಯುತ್ತದೆ, ಐ.ಸಿ.ಯು.ವಿನಲ್ಲಿ ಕಳೆದ ರಾತ್ರಿಗಳು ಮನಸ್ಸಿನಿಂದ ಮಾಸಿರುವುದಿಲ್ಲ. ಆದ್ದರಿಂದ ವೈದ್ಯರು ನಡೆಯಿರಿ ಎಂದರೆ ನಡೆಯುತ್ತೇವೆ, ಉಪ್ಪು ಕಡಿಮೆ ಮಾಡಿ ಎಂದರೆ ಮಾಡುತ್ತೇವೆ. ನೋವು ಇಳಿದು, ಕೆಲಸಕ್ಕೆ ಮರಳಿ, ನೆಂಟರಿಷ್ಟರು ‘ಈಗ ಚೆನ್ನಾಗಿದ್ದೀರಲ್ಲ’ ಎನ್ನತೊಡಗಿದ ಮೇಲೆ ಆ ಭಯ ಕರಗುತ್ತದೆ, ಅದರ ಜೊತೆಗೆ ನಡಿಗೆಯೂ ನಿಲ್ಲುತ್ತದೆ. ನನಗೆ ಆದದ್ದೂ ಹಾಗೆಯೇ. ಐದು ವರ್ಷಗಳ ಹಿಂದೆ, 54ನೆಯ ವಯಸ್ಸಿನಲ್ಲಿ, ನನಗೆ ಮೂರು ಗ್ರಾಫ್ಟ್‌ಗಳ (ಬದಲಿ ದಾರಿಯಾಗಿ ಜೋಡಿಸುವ ರಕ್ತನಾಳಗಳ) ಬೈಪಾಸ್ ಆಯಿತು. ನಾಲ್ಕು ತಿಂಗಳಲ್ಲಿ 6 ಕಿಲೋ ಇಳಿದಿದ್ದೆ. ವರ್ಷ ತುಂಬುವ ಹೊತ್ತಿಗೆ ಅದರಲ್ಲಿ 4 ಕಿಲೋ ಮರಳಿ ಬಂದಿತ್ತು. ಎರಡನೆಯ ಬಾರಿ ಆರಂಭಿಸಿದಾಗ ಕಲಿತದ್ದನ್ನೂ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಭಯವೇ ನಮ್ಮನ್ನು ನಡೆಸುತ್ತಿರುವ ಮೊದಲ ಮೂರು ತಿಂಗಳಲ್ಲಿಯೇ, ಭಯ ಹೋದ ಮೇಲೂ ನಡೆಸುವಂತಹ ಏರ್ಪಾಡುಗಳನ್ನು ಮನೆಯಲ್ಲಿ ಮಾಡಿಕೊಂಡಿರಬೇಕು.

ಇದಕ್ಕೆ ಕಾರಣ ರೋಗದಲ್ಲಿಯೇ ಇದೆ. ಬೈಪಾಸ್ ಎಂದರೆ ಕಟ್ಟಿಕೊಂಡಿರುವ ರಕ್ತನಾಳಕ್ಕೆ ಒಂದು ಬದಲಿ ದಾರಿ ಮಾಡಿಕೊಡುವುದು. ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವ ರೋಗ ಅದರಿಂದ ವಾಸಿಯಾಗುವುದಿಲ್ಲ. ಎದೆಗೂಡಿನ ಒಳಗಿನ ಮ್ಯಾಮರಿ ಧಮನಿಯಿಂದ ಮಾಡಿದ ಗ್ರಾಫ್ಟ್ ಹತ್ತು ವರ್ಷಗಳ ನಂತರವೂ ಬಹುತೇಕರಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ರಕ್ತನಾಳದ ಗ್ರಾಫ್ಟ್‌ಗಳಿಗೆ ಅಷ್ಟು ಬಾಳಿಕೆ ಇಲ್ಲ. ಹತ್ತು ವರ್ಷಗಳೊಳಗೆ ಅವುಗಳಲ್ಲಿ ಗಣನೀಯ ಪಾಲು ಮತ್ತೆ ಮುಚ್ಚಿಕೊಳ್ಳುತ್ತದೆ. ಅವನ್ನು ಕಾಪಾಡುವುದು ಮಾತ್ರೆಗಳು, ತಂಬಾಕು ಬಿಡುವುದು, ಹತೋಟಿಯಲ್ಲಿರುವ ಬಿ.ಪಿ. ಮತ್ತು ಶುಗರ್, ಇವುಗಳ ಜೊತೆಗೆ ನಡಿಗೆ ಮತ್ತು ತೂಕ. ‘ಆಪರೇಷನ್ ಆಗಿದೆಯಲ್ಲ, ಇನ್ನೇಕೆ ಇಷ್ಟೊಂದು ಪಥ್ಯ’ ಎಂದು ಕೇಳುವವರಿಗೂ, ಹಾಗೆ ಕೇಳಿಕೊಳ್ಳುವ ನಮ್ಮ ಮನಸ್ಸಿಗೂ ಈ ಉತ್ತರ ತಿಳಿದಿರಬೇಕು.

ಮೊದಲ 12 ವಾರಗಳು

ಶಸ್ತ್ರಚಿಕಿತ್ಸೆಯಲ್ಲಿ ಎದೆಯ ನಡುಮೂಳೆಯನ್ನು ಕೊಯ್ದು, ಕೊನೆಗೆ ಉಕ್ಕಿನ ತಂತಿಯಿಂದ ಬಿಗಿದು ಜೋಡಿಸಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಪೂರ್ಣವಾಗಿ ಗಟ್ಟಿಯಾಗಲು ಸುಮಾರು 12 ವಾರ. ಅಲ್ಲಿಯವರೆಗೆ ತುಂಬಿದ ಬಿಂದಿಗೆ, ದಿನಸಿ ಚೀಲ, ಮೊಮ್ಮಗು ಯಾವುದನ್ನೂ ಎತ್ತಬಾರದು. 2-3 ಕಿಲೋಗಿಂತ ಹೆಚ್ಚಿನ ಭಾರ ಬೇಡ. ಕೈಯೂರಿ ಏಳುವುದು, ಸ್ಕೂಟರ್ ಓಡಿಸುವುದು, ಸೂರ್ಯನಮಸ್ಕಾರದಂತೆ ಮೈಭಾರ ಕೈಗಳ ಮೇಲೆ ಬೀಳುವ ಆಸನಗಳು, ಉಸಿರು ಬಿಗಿಹಿಡಿಯುವ ಕುಂಭಕ, ಇವೆಲ್ಲ ವೈದ್ಯರು ಒಪ್ಪಿದ ಮೇಲಷ್ಟೆ.

ಈ ಅವಧಿಯ ಮೊದಲ ಆರು ವಾರಗಳಲ್ಲಿ ತೂಕ ಇಳಿಸಲು ಹೋಗಬಾರದು. ಬಾಯಿರುಚಿ ಕೆಟ್ಟಿರುತ್ತದೆ, ಹಸಿವು ಇರುವುದಿಲ್ಲ, ಗಾಯ ಮಾಯಲು ಪ್ರೋಟೀನ್ ಬೇಕಾಗಿರುತ್ತದೆ. ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಊಟದಲ್ಲಿ ಇರಲೇಬೇಕು. ತೂಕದ ಯಂತ್ರ ಆಗಲೂ ಬೇಕು, ಆದರೆ ಬೇರೆ ಕಾರಣಕ್ಕೆ: ಒಂದೇ ದಿನದಲ್ಲಿ ಒಂದೂವರೆ ಕಿಲೋ ಅಥವಾ ಒಂದು ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವ ಸೂಚನೆಯಾಗಿರಬಹುದು, ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಆ ವಾರಗಳಲ್ಲಿ ನಡಿಗೆಗೆ ಗಡಿಯಾರಕ್ಕಿಂತ ಬೀದಿಯ ಲೈಟುಕಂಬ ಒಳ್ಳೆಯ ಅಳತೆ ಎನ್ನುವುದು ನನ್ನ ಅನುಭವ. ಮನೆಗೆ ಬಂದ ಮರುದಿನ ಗೇಟಿನಿಂದ ಎರಡನೆಯ ಕಂಬದವರೆಗೆ ಹೋಗಿ ಬಂದೆ. ಅಷ್ಟಕ್ಕೇ ಸುಸ್ತಾಗಿ ಜಗಲಿಯಲ್ಲಿ ಕುಳಿತೆ. ಎರಡು ದಿನಕ್ಕೊಂದು ಕಂಬ ಹೆಚ್ಚಿಸಿಕೊಂಡು ಹೋದರೆ ಮೂರನೆಯ ವಾರಕ್ಕೆ ಬೀದಿಯ ಕೊನೆ ಮುಟ್ಟಿದ್ದೆ. ಇಷ್ಟು ನಿಮಿಷ ಎನ್ನುವ ಲೆಕ್ಕ ಬೇಗ ಮರೆತುಹೋಗುತ್ತದೆ, ಆದರೆ ನಿನ್ನೆ ಮುಟ್ಟದ ಕಂಬವನ್ನು ಇಂದು ಮುಟ್ಟಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಒಂದೇ ಸಲ ಬಹಳ ನಡೆಯುವುದಕ್ಕಿಂತ ದಿನಕ್ಕೆ ಮೂರು ಸಲ ಐದೈದು ನಿಮಿಷ ನಡೆದು, ಮೆಲ್ಲಗೆ ಹೆಚ್ಚಿಸುವುದು ಸರಿ.

ಎಷ್ಟು ವೇಗ, ಎಷ್ಟು ಹೊತ್ತು

ಮುಂದಿನ ಗುರಿ ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಅರ್ಧ ಗಂಟೆಯ ಚುರುಕಾದ ನಡಿಗೆ. ಅಲ್ಲಿಗೆ ತಲುಪಲು ಎರಡು-ಮೂರು ತಿಂಗಳು ಹಿಡಿದರೂ ಅವಸರವಿಲ್ಲ. ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯಬೇಕು; ಬಿರುಸಾಗಿ ನಡೆದು ಥಟ್ಟನೆ ನಿಂತರೆ ತಲೆಸುತ್ತು ಬರುವುದುಂಟು.

ವೇಗವನ್ನು ನಾಡಿಬಡಿತದಿಂದ ಅಳೆಯಲು ಹೋಗಿ ಹಲವರು ಗೊಂದಲಕ್ಕೆ ಬೀಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತೇವೆ. ಅದು ನಾಡಿಯನ್ನು ತಗ್ಗಿಸಿ ಇಡುವುದರಿಂದ, ಕೈಗಡಿಯಾರ ತೋರಿಸುವ ಗುರಿಯನ್ನು ಮುಟ್ಟಲು ಹೊರಟರೆ ಮೈಮೀರಿ ಶ್ರಮಪಟ್ಟಂತಾಗುತ್ತದೆ. ಮಾತಿನ ಪರೀಕ್ಷೆ ಇದಕ್ಕಿಂತ ನಂಬಿಕಸ್ಥ. ಜೊತೆಯವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಂತಾದರೆ ವೇಗ ಹೆಚ್ಚಾಯಿತು ಎಂದು ತಿಳಿಯಬೇಕು. ನಿಮ್ಮ ಆಸ್ಪತ್ರೆಯಲ್ಲಿ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹೃದ್ರೋಗಿಗಳಿಗೆ ನಿಗಾ ಇಟ್ಟು ವ್ಯಾಯಾಮ ಮಾಡಿಸುವ ತರಬೇತಿ, ಇದ್ದರೆ ಅದನ್ನು ದಯವಿಟ್ಟು ಬಿಡಬೇಡಿ, ಇ.ಸಿ.ಜಿ. ಕಣ್ಣೆದುರಿಗಿಟ್ಟುಕೊಂಡು ನಡೆಸುವ ಆ ವಾರಗಳು ‘ನನ್ನ ಹೃದಯ ಇಷ್ಟನ್ನು ತಡೆಯುತ್ತದೆ’ ಎಂಬ ಧೈರ್ಯ ಕೊಡುತ್ತವೆ, ಆ ಧೈರ್ಯ ಮನೆಯಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಇಲ್ಲದಿದ್ದರೆ, ವೇಗ ಹೆಚ್ಚಿಸುವ ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಅಥವಾ ಟಿ.ಎಂ.ಟಿ. (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ ಪರೀಕ್ಷೆ) ಬೇಕೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು.

ಊಟವಾದ ಮೇಲೆ ಒಂದು ಗಂಟೆಯಾದರೂ ಬಿಟ್ಟು ನಡೆಯಬೇಕು. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು. ಮಲೆನಾಡು ಮತ್ತು ಕರಾವಳಿಯವರು ಮಳೆಗಾಲಕ್ಕೆ ಮನೆಯೊಳಗೆ ಒಂದು ದಾರಿ ಗೊತ್ತು ಮಾಡಿಕೊಂಡಿರಬೇಕು, ಹಜಾರದಿಂದ ಹಿತ್ತಲ ಬಾಗಿಲವರೆಗೆ ಹೋಗಿ ಬಂದರೂ ಸಾಕು. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಬೇಕು.

ಮನಸ್ಸು ಬಾರದ ದಿನಗಳಿಗೆ

ಉತ್ಸಾಹ ಬಂದ ಮೇಲೆ ನಡೆಯೋಣ ಎಂದು ಕಾದರೆ ಅದು ಬರುವುದಿಲ್ಲ. ನನ್ನನ್ನು ಎರಡನೆಯ ಬಾರಿ ಎಬ್ಬಿಸಿದ್ದು ಹಾಲಿನ ಪ್ಯಾಕೆಟ್. ಮನೆ ಬಾಗಿಲಿಗೆ ಹಾಲು ಹಾಕುತ್ತಿದ್ದ ಹುಡುಗನಿಗೆ ತಿಂಗಳ ಲೆಕ್ಕ ಕೊಟ್ಟು, ನಾಳೆಯಿಂದ ಬೇಡ ಎಂದೆವು. ಹತ್ತಿರದ ನಂದಿನಿ ಬೂತ್ ಬಿಟ್ಟು, ಹದಿನೈದು ನಿಮಿಷ ದೂರದ ಬೂತಿಗೆ ನಾನು ಹೋಗಿ ಬರದಿದ್ದರೆ ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ. ಮೊದಲ ವಾರ ಗೊಣಗುತ್ತಾ ಹೋದೆ. ತಿಂಗಳಾಗುವಷ್ಟರಲ್ಲಿ, ಹೋಗಬೇಕೋ ಬೇಡವೋ ಎನ್ನುವ ಪ್ರಶ್ನೆಯೇ ಏಳದಂತಾಯಿತು. ನಡಿಗೆಯನ್ನು ಹೀಗೆ ಮನೆಗೆ ಬೇಕಾದ ಒಂದು ಕೆಲಸಕ್ಕೆ ಕಟ್ಟಿಹಾಕುವುದು ನಾನು ಕಂಡ ಉಪಾಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ಹೂವು ತರುವುದು, ದೇವಸ್ಥಾನ, ಮೊಮ್ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸುವುದು, ಯಾವುದಾದರೂ ಆದೀತು.

ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಏಕಾದಶಿ-ಸಂಕಷ್ಟಿ ಗುರುತಿರುವ ಆ ಚೌಕಗಳಲ್ಲಿಯೇ, ಆ ದಿನ ನಡೆದ ನಿಮಿಷಗಳನ್ನು ಬರೆಯಿರಿ. ಮೊಬೈಲಿನಲ್ಲಿರುವ ಲೆಕ್ಕ ನಿಮಗೊಬ್ಬರಿಗೇ ಕಾಣುತ್ತದೆ. ಗೋಡೆಯ ಮೇಲಿನದು ಮನೆಮಂದಿಗೆಲ್ಲ ಕಾಣುತ್ತದೆ. ಇನ್ನು ತೀರಾ ಮನಸ್ಸಿಲ್ಲದ ದಿನ ಹತ್ತು ನಿಮಿಷದ ಒಪ್ಪಂದ ಮಾಡಿಕೊಳ್ಳಿ: ಶೂ ಹಾಕಿಕೊಂಡು ಹತ್ತು ನಿಮಿಷ ನಡೆಯುವುದು, ಆಗಲೂ ಬೇಡವೆನಿಸಿದರೆ ಮರಳಿ ಬರುವುದು, ಅದರ ಬಗ್ಗೆ ಕೊರಗದಿರುವುದು. ನಾನು ಮರಳಿ ಬಂದ ದಿನಗಳು ಬಹಳ ಕಡಿಮೆ.

ಮನೆಯವರ ಕಾಳಜಿಯೂ ಕೆಲವೊಮ್ಮೆ ನಡಿಗೆಗೆ ಅಡ್ಡ ಬರುತ್ತದೆ. ‘ನೀವು ಏಳಬೇಡಿ, ನಾನು ತಂದುಕೊಡುತ್ತೇನೆ’ ಎನ್ನುವುದು ಪ್ರೀತಿಯ ಮಾತೇ ಆದರೂ ಆರು ತಿಂಗಳ ಮೇಲೂ ಅದು ಮುಂದುವರಿದರೆ ರೋಗಿಗೆ ತಾನು ಎಂದೆಂದಿಗೂ ರೋಗಿಯೇ ಎನಿಸಿಬಿಡುತ್ತದೆ. ಫಾಲೋ-ಅಪ್‌ಗೆ ಹೋಗುವಾಗ ಹೆಂಡತಿಯನ್ನೋ ಗಂಡನನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗಿ, ಮೆಟ್ಟಿಲು ಹತ್ತಬಹುದೇ, ಒಬ್ಬರೇ ಹೊರಗೆ ಹೋಗಬಹುದೇ ಎಂಬುದನ್ನು ಅವರೇ ವೈದ್ಯರನ್ನು ಕೇಳುವಂತೆ ಮಾಡಿ. ನನ್ನ ಹೆಂಡತಿ ಆ ಉತ್ತರವನ್ನು ತನ್ನ ಕಿವಿಯಾರೆ ಕೇಳಿದ ಮೇಲೆಯೇ ನನ್ನ ಹಿಂದೆ ಛತ್ರಿ ಹಿಡಿದು ಬರುವುದನ್ನು ಬಿಟ್ಟಳು.

ಶಸ್ತ್ರಚಿಕಿತ್ಸೆಯ ನಂತರ ಹಲವರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ನಿದ್ದೆ ಕೆಡುತ್ತದೆ, ಯಾವುದೂ ಬೇಡವೆನಿಸುತ್ತದೆ. ಅದು ಸೋಮಾರಿತನವಲ್ಲ. ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ಎದೆನೋವನ್ನು ಹೇಳುವಷ್ಟೇ ಸಂಕೋಚವಿಲ್ಲದೆ ಅದನ್ನೂ ವೈದ್ಯರಿಗೆ ಹೇಳಬೇಕು. ಖಿನ್ನತೆಗೆ ಚಿಕಿತ್ಸೆ ಇದೆ, ಅದನ್ನು ಹಾಗೆಯೇ ಇಟ್ಟುಕೊಂಡರೆ ಹೃದಯದ ಚೇತರಿಕೆಯೂ ಹಿಂದೆ ಬೀಳುತ್ತದೆ.

ತೂಕದ ವಿಚಾರ

ನಡಿಗೆಯೊಂದರಿಂದಲೇ ತೂಕ ಇಳಿಯುತ್ತದೆ ಎಂದು ನಂಬಿದವರು ಎರಡು ತಿಂಗಳಲ್ಲಿ ನಿರಾಶರಾಗುತ್ತಾರೆ. ಅರ್ಧ ಗಂಟೆಯ ನಡಿಗೆಗೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲೊರಿ. ತುಪ್ಪ ಹಾಕಿಕೊಂಡು ಒಂದು ಹೋಳಿಗೆ ತಿಂದರೆ ಅದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ನಡಿಗೆ ಹೃದಯಕ್ಕೆ, ತಟ್ಟೆ ತೂಕಕ್ಕೆ ಎಂದು ಬೇರೆ ಬೇರೆಯಾಗಿ ಎಣಿಸಿಕೊಂಡರೆ, ತೂಕ ಇಳಿಯಲಿಲ್ಲವೆಂಬ ಬೇಸರಕ್ಕೆ ನಡಿಗೆ ಬಲಿಯಾಗುವುದಿಲ್ಲ.

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಮೊದಲ ತಿಂಗಳುಗಳ ಎಚ್ಚರಿಕೆಯ ಅವಧಿ ಮುಗಿದ ಮೇಲೆ, ಹೃದಯದ ದೌರ್ಬಲ್ಯಕ್ಕಾಗಿ ದಿನವೂ ನೋಡಬೇಕೆಂದು ವೈದ್ಯರು ಹೇಳಿರದಿದ್ದರೆ, ವಾರಕ್ಕೊಮ್ಮೆ ಮಾತ್ರ ತೂಕ ನೋಡಿ, ಒಂದೇ ದಿನ, ಒಂದೇ ಹೊತ್ತು, ಕಾಫಿಗೆ ಮೊದಲು. ಅದರ ಜೊತೆಗೆ ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಹೊಕ್ಕುಳದ ಮಟ್ಟದಲ್ಲಿ ಸುತ್ತಳತೆ ನೋಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ. ನಮ್ಮ ಜನರಿಗೆ ಕೊಬ್ಬು ಸೇರುವುದು ಹೊಟ್ಟೆಯ ಒಳಗೆ. ಮೂರನೆಯ-ನಾಲ್ಕನೆಯ ತಿಂಗಳಲ್ಲಿ ತೂಕ ಒಂದೆಡೆ ನಿಂತುಬಿಡುತ್ತದೆ. ಮೈ ಹಗುರವಾದಂತೆ ಅದಕ್ಕೆ ಬೇಕಾದ ಆಹಾರವೂ ಕಡಿಮೆಯಾಗುವುದರಿಂದ ಹೀಗಾಗುವುದು ಸಹಜ. ಆಗ ಟೇಪು ನೋಡಿದರೆ ಹಲವು ಸಲ ಒಂದು ಸೆಂಟಿಮೀಟರ್ ಇಳಿದಿರುತ್ತದೆ, ಮುಂದೆ ಸಾಗಲು ಅಷ್ಟು ಸಾಕು.

ಊಟದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ಅನ್ನ ಬಿಟ್ಟು ಮುದ್ದೆಗೆ ಬಂದರೆ ತೂಕ ತಾನಾಗಿಯೇ ಇಳಿಯುತ್ತದೆ ಎಂದು ನಾನೂ ಎರಡು ಮುದ್ದೆ ಉಣ್ಣುತ್ತಿದ್ದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು ಇರುವುದು ನಿಜ, ಆದರೆ ತೂಕಕ್ಕೆ ತೂಕ ನೋಡಿದರೆ ರಾಗಿ ಹಿಟ್ಟಿನಲ್ಲಿಯೂ ಅಕ್ಕಿಯಲ್ಲಿಯೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಮುದ್ದೆಯ ಗಾತ್ರ ಕಿರಿದಾಗಬೇಕು. ತಟ್ಟೆಯ ಅರ್ಧ ಭಾಗವನ್ನು ಪಲ್ಯ, ಕೋಸಂಬರಿ, ಸೊಪ್ಪು ತುಂಬಬೇಕು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸೊಪ್ಪನ್ನು ಒಂದು ವಾರ ರಾಶಿಯಾಗಿ, ಇನ್ನೊಂದು ವಾರ ಇಲ್ಲವೇ ಇಲ್ಲ ಎನ್ನುವಂತೆ ತಿನ್ನಬಾರದು, ದಿನವೂ ಒಂದೇ ಅಳತೆಯಲ್ಲಿರಲಿ. ಅಡುಗೆ ಎಣ್ಣೆ ಒಬ್ಬರಿಗೆ ದಿನಕ್ಕೆ ಮೂರು ಟೀ ಚಮಚ, ಅಂದರೆ ನಾಲ್ವರ ಮನೆಗೆ ತಿಂಗಳಿಗೆ ಎರಡು ಲೀಟರಿನೊಳಗೆ. ಉಪ್ಪು ದಿನಕ್ಕೆ 5 ಗ್ರಾಂ ಮೀರದಂತೆ ನೋಡಿಕೊಳ್ಳುವಾಗ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೋಗಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂದು ಮಾಡಿದರೆ ಅದು ಬಹಳ ದಿನ ನಡೆಯುವುದಿಲ್ಲ. ಮನೆಯ ಬೆಳೆದ ಮಕ್ಕಳಿಗೂ ನಮ್ಮ ರಕ್ತವೇ ಇದೆ, ಅವರಿಗೂ ಈ ಊಟ ಒಳ್ಳೆಯದೇ.

ನಿಲ್ಲಬೇಕಾದಾಗ ಮತ್ತು ಮತ್ತೆ ಆರಂಭಿಸುವಾಗ

ನಡೆಯುವಾಗ ಎದೆಯಲ್ಲಿ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು, ಅಸಹಜ ಏದುಸಿರು, ಅಡ್ಡಾದಿಡ್ಡಿ ಎದೆಬಡಿತ ಕಂಡರೆ ಅಲ್ಲಿಯೇ ನಿಂತು ಕುಳಿತುಕೊಳ್ಳಬೇಕು. ನಾಲಿಗೆಯಡಿ ಇಡುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಕುಳಿತೇ ಇಟ್ಟುಕೊಳ್ಳಬೇಕು, ಏಕೆಂದರೆ ಅದರಿಂದ ಬಿ.ಪಿ. ಇಳಿಯುತ್ತದೆ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಬೇಕು, ಸ್ವತಃ ಗಾಡಿ ಓಡಿಸಿಕೊಂಡು ಹೋಗಬಾರದು. ಎದೆಮೂಳೆ ಕಟಕಟ ಎಂದರೆ, ಗಾಯ ಕೆಂಪಾಗಿ ಕೀವು ಬಂದರೆ, ಕಾಲಿನ ಬಾವು ಏರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮದುವೆ, ಪ್ರಯಾಣ, ನೆಗಡಿ-ಜ್ವರ ಎಂದು ನಡಿಗೆ ತಪ್ಪುವುದು ಇದ್ದೇ ಇದೆ. ಜ್ವರವಿರುವಾಗ ನಡೆಯಲೇಬಾರದು. ಮೂರು-ನಾಲ್ಕು ದಿನ ತಪ್ಪಿದರೆ ಎಂದಿನಂತೆ ಮುಂದುವರಿಸಬಹುದು. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ, ನಿಲ್ಲಿಸುವಾಗ ನಡೆಯುತ್ತಿದ್ದುದರ ಅರ್ಧ ಹೊತ್ತಿನಿಂದ ಆರಂಭಿಸಿ, ಎರಡು ವಾರದಲ್ಲಿ ಹಿಂದಿನ ಮಟ್ಟಕ್ಕೆ ತರಬೇಕು. ತಪ್ಪಿದ ದಿನಗಳ ಸಾಲ ತೀರಿಸಲೆಂದು ಮೊದಲ ದಿನವೇ ಒಂದು ಗಂಟೆ ನಡೆದು, ಮರುದಿನ ಮಂಡಿ ಹಿಡಿದುಕೊಂಡು ಮತ್ತೆ ಬಿಟ್ಟವರನ್ನು ನಾನು ಬಲ್ಲೆ. ನಡುವೆ ಆಸ್ಪತ್ರೆ ಸೇರುವಂತಾಗಿದ್ದರೆ ಅಥವಾ ಮಾತ್ರೆ ಬದಲಾಗಿದ್ದರೆ, ಯಾವ ಮಟ್ಟದಿಂದ ಆರಂಭಿಸಬೇಕು ಎಂಬುದನ್ನು ಡಿಸ್ಚಾರ್ಜ್ ಆಗುವ ದಿನವೇ ಕೇಳಿ, ಅದೇ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.