ಮಾತೃ ವಂದನಾ ಹಣ ಬರಲಿಲ್ಲ, ತೊಡಕು ಇದ್ದದ್ದು ಬ್ಯಾಂಕಿನಲ್ಲಿ

ಅಂಗನವಾಡಿಯಲ್ಲಿ ಅರ್ಜಿ ಮಂಜೂರಾಗಿತ್ತು, ತಾಯಿ ಕಾರ್ಡ್ ಸರಿಯಿತ್ತು. ಆದರೂ ಗರ್ಭಿಣಿ, ಬಾಣಂತಿಯರಿಗೆ ನೆರವು ಕೊಡುವ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಮೊದಲ ಕಂತು, 3,000 ರೂಪಾಯಿ, ಪಾಸ್‌ಬುಕ್ಕಿನಲ್ಲಿ ಕಾಣಲಿಲ್ಲ. ‘ಆಧಾರ್ ಲಿಂಕ್ ಆಗಿದೆಯಲ್ಲಮ್ಮಾ’ ಎಂದು ಕೌಂಟರಿನಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ.

ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಎನ್‌ಪಿಸಿಐ ಮ್ಯಾಪರ್‌ನಲ್ಲಿ, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂದು ರಾಷ್ಟ್ರೀಯ ಪಾವತಿ ನಿಗಮ ಇಟ್ಟಿರುವ ಪಟ್ಟಿಯಲ್ಲಿ, ಆ ಬ್ಯಾಂಕ್ ಇರುವುದು ಬೇರೆ. ಸರ್ಕಾರದ ಹಣ ಮ್ಯಾಪರ್ ನೋಡಿ ಹೋಗುತ್ತದೆ. ಅಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಜೋಡಿಸಿದ್ದು. ಮದುವೆಗೆ ಮುಂಚೆ ತವರಲ್ಲಿ ತೆರೆದು ಮರೆತ ಖಾತೆಯೇ ಅಲ್ಲಿ ಉಳಿದಿದ್ದರೆ ಹಣ ಅತ್ತ ಹೋಗುತ್ತದೆ. ಆ ಖಾತೆ ಮುಚ್ಚಿದ್ದರೆ ವಾಪಸಾಗುತ್ತದೆ.

ಮೈಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಬ್ಯಾಂಕಿನ ಹೆಸರು, ಅದು ಸಕ್ರಿಯವೋ ಅಲ್ಲವೋ ಗೊತ್ತಾಗುತ್ತದೆ. ಆಮೇಲೆ ಈಗ ಬಳಸುವ ಖಾತೆಯ ಶಾಖೆಗೆ ಹೋಗಿ. ‘ಕೆವೈಸಿ ಮಾಡಿ’ ಎಂದರೆ ಮತ್ತೆ ಅದೇ ಕಥೆ. ‘ಡಿಬಿಟಿಗೆ ಆಧಾರ್ ಸೀಡಿಂಗ್’ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರಲು ಆಧಾರ್ ಜೋಡಣೆ) ಎಂದೇ ಕೇಳಿ, ಒಪ್ಪಿಗೆ ಅರ್ಜಿಯಲ್ಲಿ ಹಳೆಯ ಬ್ಯಾಂಕಿನ ಹೆಸರು ಬರೆದು ಸ್ವೀಕೃತಿ ಪಡೆಯಿರಿ. ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ, ಬದಲಾಗಿದ್ದರೆ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ.

ಗಂಡನ ಖಾತೆ ನಡೆಯುವುದಿಲ್ಲ. ಎರಡನೇ ಕಂತಿನ 2,000ಕ್ಕೆ ಜನನ ನೋಂದಣಿಯ ಜೊತೆಗೆ 14 ವಾರದವರೆಗಿನ ಲಸಿಕೆಗಳೂ ಆಗಿರಬೇಕು. ಎರಡನೇ ಮಗು ಹೆಣ್ಣಾದರೆ 6,000 ಒಂದೇ ಕಂತಿನಲ್ಲಿ.